ಟಿಕೆಟ್ಟಿಲ್ಲದ ಹೂವು

ಭಾನುವಾರ ಬೆಳಿಗ್ಗೆ ತಡವಾಗಿ ಏಳುವುದು ಸಂವಿಧಾನ ನನಗೆ ಕೊಟ್ಟ ಹಕ್ಕು ಎಂದು ನಾನು ನಂಬಿಕೊಂಡಿದ್ದೆ. ನಮ್ಮ ಪಕ್ಕದ ಮನೆಯವರು ಆ ಪುಟ ಓದಿರಲಿಲ್ಲ. ಶಹಾಪುರದ ಗುಡ್ಡದ ಮೇಲೆ ಬೆಳಕು ಹರಿಯುವ ಮೊದಲೇ ಅವರು ಅಂಗಳದಲ್ಲಿ ನಿಂತು ಸೀಟಿ ಊದುತ್ತಿದ್ದರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅದನ್ನು ಕಟ್ಟಿದ ಪುಣ್ಯಾತ್ಮ ಸಿಮೆಂಟು ಉಳಿಸಿದ್ದ. ಹೀಗಾಗಿ ಆ ಸೀಟಿ ನೇರ ನನ್ನ ಕಿವಿಯೊಳಗೇ ಊದಿದ ಹಾಗೆ ಕೇಳುತ್ತಿತ್ತು. ಅದರ ಹಿಂದೆಯೇ ಕೂಗು: "ಟೀಚರ್, ಬಸ್ ಬಿಡಾಕತ್ತದ. ಬರೋರಿದ್ರ ಬರ್ರಿ, ಇಲ್ಲಾಂದ್ರ ಆಮ್ಯಾಲ ನನಗ ಅನಬ್ಯಾಡ್ರಿ."

ಎಲ್ಲಿಯ ಬಸ್ಸು? ಅವರು ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಹೋಗಬೇಕಾಗಿದ್ದದ್ದು ನಮ್ಮ ಓಣಿಯ ಹಿಂದಿನ ಹೊಂಡಕ್ಕೆ. ಅದೂ ನಡೆದುಕೊಂಡು. ಅದೂ ಸೊಂಟದ ತನಕ ಕೆಸರಿನಲ್ಲಿ ಇಳಿದು ಅಂತರಗಂಗೆ ಎಂಬ ನೀರುಕಳೆ ಕೀಳುವುದಕ್ಕೆ. ವಾರವಿಡೀ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಮೂಗು ಒರೆಸಿ, ಬಿಸಿಯೂಟದ ಬೇಳೆ ನೋಡಿ ಸುಸ್ತಾದ ಹೆಂಗಸಿಗೆ ಭಾನುವಾರದ ಮನರಂಜನೆ ಇದು. ನಾನು ಬೈದುಕೊಳ್ಳುತ್ತಲೇ ಎದ್ದು ಹಳೇ ಚೂಡಿದಾರ ಹಾಕಿಕೊಂಡು ಹೋಗುತ್ತಿದ್ದೆ. ಹೋಗದಿದ್ದರೆ ಅವರು ಸೀಟಿ ನಿಲ್ಲಿಸುತ್ತಿರಲಿಲ್ಲ.

ಈಗ ಆ ಅಂಗಳದಲ್ಲಿ ಸೀಟಿ ಊದುವವರಿಲ್ಲ. ಭಾನುವಾರ ಬೇಕಾದಷ್ಟು ಮಲಗಬಹುದು. ಹಾಳಾದದ್ದು, ನಿದ್ದೆಯೇ ಬರುವುದಿಲ್ಲ.

ಯಾದಗಿರಿಯಿಂದ ಶಹಾಪುರ, ಸುರಪುರ ಹಾದು ಹುಣಸಗಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಅವರ ಜೀವಮಾನ ಕಳೆದಿತ್ತು. ಕುಳ್ಳ ಆಳು. ಮೇಲಿನ ಸರಳು ಹಿಡಿದು ಹಿಡಿದು ಒಂದು ಹೆಗಲು ಎತ್ತರವಾಗಿತ್ತು. ನಿಂತರೆ ಎರಡೂ ಕಾಲು ಅಗಲಿಸಿ ನಿಲ್ಲುತ್ತಿದ್ದರು. ನೆಲ ಯಾವಾಗ ಬ್ರೇಕು ಹಾಕುತ್ತದೋ ಎಂಬ ಅನುಮಾನ ಅವರಿಗೆ ಕೊನೆಯವರೆಗೂ ಹೋಗಲಿಲ್ಲ. ಖಾಕಿ ಅಂಗಿ ಬಿಟ್ಟಿದ್ದರು, ಸೀಟಿ ಬಿಟ್ಟಿರಲಿಲ್ಲ. ಅದು ಕರಿದಾರದಲ್ಲಿ ಕೊರಳಿಗೆ ಬಿದ್ದಿರುತ್ತಿತ್ತು. ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೋಗು. ನಮ್ಮ ಓಣಿಯ ನಾಯಿಗಳೂ ಈ ಕಾನೂನಿಗೆ ತಲೆಬಾಗಿದ್ದವು.

ಮಾತು ಪೂರಾ ಬಸ್ಸಿನದೇ. ಮದುವೆ ಊಟದ ಪಂಕ್ತಿಯಲ್ಲಿ ಜನ ಕಿಕ್ಕಿರಿದರೆ "ಮುಂದ್ ಸರೀರಿ, ಮುಂದ್ ಖಾಲಿ ಅದ" ಎಂದು ಕೂಗುತ್ತಿದ್ದರು. ಅದು ಹೋಗಲಿ ಎನ್ನೋಣ. ಓಣಿಯ ಹಿರಿಯರೊಬ್ಬರು ತೀರಿಕೊಂಡಾಗ, ಹೆಣ ಎತ್ತಿದ ಮೇಲೆ, ತಿರುವಿನಲ್ಲಿ ಜನ ಸಿಕ್ಕಿಹಾಕಿಕೊಂಡರು. ಈ ಮಹಾಶಯರು ಅಲ್ಲೂ ಅದೇ ಮಾತು ಕೂಗಿ ಎರಡು ಸೀಟಿ ಊದಿಬಿಟ್ಟರು. ಹೆಗಲು ಕೊಟ್ಟವರಿಗೆ ನಗು ತಡೆಯಲಾಗದೆ ಚಟ್ಟವೇ ಅಲ್ಲಾಡಿತು. ಸತ್ತವರ ಮಗ ಬಹಳ ದಿನ ಇವರ ಜೊತೆ ಮಾತು ಬಿಟ್ಟಿದ್ದ. ಇವರಿಗೆ ಏನೂ ಅನ್ನಿಸಲಿಲ್ಲ. ಮುಂದೆ ಖಾಲಿ ಇದ್ದದ್ದು ಖರೆಯೋ ಸುಳ್ಳೋ ಎಂದು ಗೋಡೆಯ ಆಚೆಯಿಂದ ನನ್ನನ್ನೇ ಕೇಳಿದರು. ಖರೆ ಎಂದೆ.

ಡ್ಯೂಟಿಯಲ್ಲಿ ಇವರಷ್ಟು ಜಿಪುಣ ಮನುಷ್ಯ ಇನ್ನೊಬ್ಬನಿರಲಿಲ್ಲವಂತೆ. ಸ್ವಂತ ತಮ್ಮನನ್ನೂ ಟಿಕೆಟ್ಟಿಲ್ಲದೆ ಕೂರಿಸಿಕೊಂಡವರಲ್ಲ. ಮಗುವಿನ ವಯಸ್ಸು ಕಡಿಮೆ ಹೇಳಿದ ತಾಯಂದಿರ ಎದುರಿಗೇ ಮಗುವಿನ ಬಾಯಿ ತೆರೆಸಿ ಹಲ್ಲು ನೋಡಿ ಅರ್ಧ ಟಿಕೆಟ್ ಹರಿಯುತ್ತಿದ್ದರು. ಸ್ಟಾಪ್ ಇಲ್ಲದ ಕಡೆ ಎಂಥ ದೊಡ್ಡವರು ಕೈ ಅಡ್ಡ ಹಾಕಿದರೂ ಬಸ್ ನಿಲ್ಲುತ್ತಿರಲಿಲ್ಲ. ಕುರಿ ಕಾಯುವ ಮಾಳಮ್ಮ ಒಮ್ಮೆ ಕಾಲು ಮುರಿದ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಸುರಪುರದ ದನದ ದವಾಖಾನೆಗೆ ಹೊರಟಿದ್ದಳು. ಅಳುವ ಮರಿಗೂ ಲಗೇಜು ಟಿಕೆಟ್ ಹರಿದರು. ಮಾಳಮ್ಮ ಅದನ್ನು ಮರೆತಿರಲಿಲ್ಲ. ಈ ಮಾಳಮ್ಮನದೇ ಮುಂದಿನ ಕತೆ.

ಹೊಂಡದ ಹಕೀಕತ್ತು ಹೇಳಿಬಿಡುತ್ತೇನೆ. ನಾನು ಈ ಓಣಿಗೆ ಬಂದಾಗ ಅದರಲ್ಲಿ ನೀರು ಕಾಣುತ್ತಿತ್ತು. ಎಮ್ಮೆಗಳು ಮೂಗು ಮಾತ್ರ ಹೊರಗಿಟ್ಟು ಬಿದ್ದಿರುತ್ತಿದ್ದವು. ಬೇಸಿಗೆಯ ಕೊನೆಗೆ, ಉಣ್ಣೆ ಕತ್ತರಿಸುವ ಮುಂಚೆ, ಮಾಳಮ್ಮನ ಮನೆಯವರು ಹಿಂಡನ್ನು ತಂದು ಅಲ್ಲೇ ಮೈ ತೊಳೆಯುತ್ತಿದ್ದರು. ತೊಳೆಯದ ಕುರಿಗೆ ಕತ್ತರಿ ಹಾಕುವುದಿಲ್ಲ. ಹಾಕಿದರೂ ಮಣ್ಣು, ಮುಳ್ಳು ಸೇರಿದ ಆ ಉಣ್ಣೆಯನ್ನು ಕಂಬಳಿ ನೇಯುವವರು ಮೂಸಿಯೂ ನೋಡುವುದಿಲ್ಲ. ಆಮೇಲೆ ಎಲ್ಲಿಂದಲೋ ಅಂತರಗಂಗೆ ಬಂತು. ಮೊದಲು ದಂಡೆಯಲ್ಲಿ ಒಂದು ಗೊಂಚಲು. ನೇರಳೆ ಹೂವು, ಒಂದು ದಳದ ನಡುವೆ ನವಿಲುಗರಿಯ ಕಣ್ಣಿನಂಥ ಹಳದಿ ಬೊಟ್ಟು. ಎಷ್ಟು ಚಂದ ಎಂದು ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮರುವರ್ಷ ಅರ್ಧ ಹೊಂಡ ಅದರದಾಯಿತು, ಅದರ ಮರುವರ್ಷ ಇಡೀ ಹೊಂಡ. ನೀರು ಎಲ್ಲಿದೆ ಎಂದು ಕಲ್ಲು ಎಸೆದು ನೋಡಬೇಕಾಯಿತು. ಗಬ್ಬು ನಾತ, ಸಂಜೆಯಾದರೆ ಕಿಟಕಿ ತೆರೆಯಲು ಬಿಡದ ಸೊಳ್ಳೆ.

ಬೇಸಿಗೆಯಲ್ಲಿ ನಮ್ಮ ಸೀಮೆ ಹೇಗಿರುತ್ತದೆ ನಿಮಗೆ ಗೊತ್ತು. ಸುತ್ತೆಲ್ಲ ಕರಕಲು. ಅದರ ನಡುವೆ ಹಚ್ಚಹಸಿರು ಹೊಂಡ. ಮಾಳಮ್ಮನ ಹಿಂಡಿನ ಮುಂದಾಳು ಟಗರು ಅದನ್ನು ಹುಲ್ಲುಗಾವಲು ಎಂದೇ ತಿಳಿಯಿತು. ಬಾಯಿ ಹಾಕುತ್ತ ಹಾಕುತ್ತ ಮೇಲೆ ನಡೆದೇಬಿಟ್ಟಿತು, ಅದರ ಹಿಂದೆ ಉಳಿದವು. ಮಾಳಮ್ಮ ಬಡಿಗೆ ಬೀಸಿ ಓಡಿ ಬರುವಷ್ಟರಲ್ಲಿ ಮುಂದೆ ಹೋದವೆಲ್ಲ ಎಲೆಗಳ ಕೆಳಗೆ ಮಾಯವಾಗಿದ್ದವು. ಆ ಬೇರಿನ ಬಲೆಯಲ್ಲಿ ಸಿಕ್ಕಿಕೊಂಡದ್ದು ಮೇಲೆ ಬರುವುದಿಲ್ಲ. ಆಕೆ ದಂಡೆಯ ಮೇಲೆ ಕೂತು ಅತ್ತದ್ದು ನಮ್ಮ ಶಾಲೆಯವರೆಗೆ ಕೇಳಿಸಿತು. ಗಂಡ ಇಲ್ಲದ ಹೆಂಗಸು. ಮೈದುನನ ಜೊತೆ ಹಿಂಡು ನೋಡಿಕೊಂಡಿದ್ದಳು. ಮೈದುನ ಅವತ್ತೇ ಹೇಳಿದ. ಬರುವ ಬೇಸಿಗೆಯಲ್ಲಿ ಉಣ್ಣೆ ಕತ್ತರಿಸುವ ಹೊತ್ತಿಗೆ ಈ ಹೊಂಡದಲ್ಲಿ ನೀರು ಕಾಣದಿದ್ದರೆ ಇಡೀ ಹಿಂಡನ್ನು ಸಂತೆಗೆ ಹೊಡೆಯುತ್ತೇನೆ, ಭೀಮಾ ನದಿಯ ತನಕ ಕುರಿ ನಡೆಸಿ ತೊಳೆಯುವ ಹುಚ್ಚು ನನಗಿಲ್ಲ ಎಂದ. ಮಾಳಮ್ಮನಿಗೆ ಕುರಿ ಬಿಟ್ಟರೆ ಬೇರೆ ಲೋಕ ಗೊತ್ತಿರಲಿಲ್ಲ.

ಅದೇ ವಾರ ನಮ್ಮ ಕಂಡಕ್ಟರು ಸೀಟಿ ಹಿಡಿದು ಹೊರಗೆ ಬಿದ್ದರು. ನಿವೃತ್ತಿಯಾದ ಗಂಡಸರಿಗೆ ಬರುವ ಸಮಾಜಸೇವೆಯ ರೋಗ ಇವರಿಗೂ ತಗುಲಿತು ಎಂದುಕೊಂಡೆ ನಾನು. ಸರ್ಕಲ್ಲಿನ ಚಹಾ ಅಂಗಡಿಯ ಮುಂದೆ ನಿಂತು "ಹೊಂಡ, ಹೊಂಡ, ಹೊಂಡ! ಖಾಲಿ ಅದ ಬರ್ರಿ" ಎಂದು ಕೂಗಿ ಜನ ಸೇರಿಸಿದರು. ಟೈರ್ ಪಂಕ್ಚರ್ ಅಂಗಡಿಯ ಮೌನೇಶ ಟ್ರ್ಯಾಕ್ಟರಿನ ಹಳೇ ಟ್ಯೂಬುಗಳಿಗೆ ಗಾಳಿ ತುಂಬಿಸಿ ತಂದ. ಬ್ಯಾಂಕಿನ ಗುಮಾಸ್ತರೊಬ್ಬರು ಹೊಟ್ಟೆ ಕರಗಿಸಲು ಬಂದರು. ಮಹಿಳಾ ಸಂಘದ ಹೆಂಗಸರು ಮನೆಯಲ್ಲಿರುವುದಕ್ಕಿಂತ ಇದೇ ಮೇಲು ಎಂದು ಬಂದರು. ನನ್ನನ್ನು ಗೋಡೆಯಾಚೆಯಿಂದ ಎಬ್ಬಿಸಲಾಯಿತು.

ಕೆಲಸದ ರೀತಿ ಇದು. ಟ್ಯೂಬು ಸೊಂಟಕ್ಕೆ ಸಿಕ್ಕಿಸಿಕೊಂಡವರು ಹಗ್ಗವನ್ನು ಗಿಡಗಳ ಆಚೆಯಿಂದ ಸುತ್ತಿ ತರಬೇಕು. ದಂಡೆಯ ಮೇಲಿನವರು ಎರಡೂ ತುದಿ ಹಿಡಿದು ಎಳೆಯಬೇಕು. ಗಿಡ ರಾಶಿಯಾಗಿ ಬಂದು ದಂಡೆಗೆ ಒತ್ತುತ್ತದೆ. ಆಮೇಲೆ ಕೈಯಿಂದ ಕಿತ್ತು ಮೇಲೆ ಹಾಕಬೇಕು. ಒಂದು ಗಿಡ ನೋಡಲು ಹಗುರ, ನೀರು ಕುಡಿದ ರಾಶಿ ಎಮ್ಮೆ ಎಳೆದಷ್ಟು ಭಾರ. ಇಷ್ಟೆಲ್ಲ ನಡೆಯುವಾಗ ನಮ್ಮ ನಾಯಕರು ಎಲ್ಲಿರುತ್ತಿದ್ದರು? ದಂಡೆಯ ಮೇಲೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ, ಛತ್ರಿ ಹಿಡಿದು. ಒಂದು ಸೀಟಿಗೆ ಹಗ್ಗ ನಿಲ್ಲಬೇಕು, ಎರಡಕ್ಕೆ ಎಳೆಯಬೇಕು. ನಾನೊಮ್ಮೆ ತಾಳ್ಮೆ ತಪ್ಪಿ, ಎಲ್ಲರ ಮುಂದೆಯೇ, ನೀವು ಯಾವಾಗ ಇಳಿಯುತ್ತೀರಿ ಎಂದು ಕೇಳಿದೆ. ಕಂಡಕ್ಟರ್ ಆದವನು ಸ್ಟೇರಿಂಗ್ ಮುಟ್ಟಬಾರದು, ಅದು ರೂಲು ಎಂದರು. ನನಗೆ ಬಂದ ಸಿಟ್ಟಿನಲ್ಲಿ ಛತ್ರಿ ಕಿತ್ತು ಹೊಂಡಕ್ಕೆ ಎಸೆಯಬೇಕು ಅನ್ನಿಸಿತ್ತು.

ಒಂದು ವಿಷಯದಲ್ಲಿ ಮಾತ್ರ ಅವರಿಗೆ ಸಲಾಮು ಹೊಡೆಯಲೇಬೇಕು. ಒಂದು ಭಾನುವಾರ ಊರಿನ ದೊಡ್ಡ ಮನುಷ್ಯರೊಬ್ಬರು ಇಸ್ತ್ರಿ ಅಂಗಿ, ಕ್ಯಾಮೆರಾದವನು, ಹಿಂಬಾಲಕರ ಸಮೇತ ಬಂದರು. ದಂಡೆಯ ಅಂಚಿನಲ್ಲಿ ನಿಂತು ಒಂದೇ ಒಂದು ಗಿಡವನ್ನು ಎರಡು ಬೆರಳಲ್ಲಿ ಹಿಡಿದು ಫೋಟೋಕ್ಕೆ ನಕ್ಕರು. ನಗು ಮುಗಿಯುವ ಲಕ್ಷಣವಿರಲಿಲ್ಲ, ನಾವು ಹಗ್ಗ ಹಿಡಿದು ಅವರ ಹಿಂದೆ ಕಾಯುತ್ತಿದ್ದೆವು. ಇವರು ಬಕೆಟ್ಟಿನಿಂದ ಎದ್ದು ಹತ್ತಿರ ಹೋದರು. "ಸಾಹೇಬ್ರ, ಇಳಿಯೋದಿದ್ರ ಇಳೀರಿ. ಇಲ್ಲಾಂದ್ರ ಫುಟ್‌ಬೋರ್ಡ್ ಬಿಡ್ರಿ, ಹಿಂದ ಮಂದಿ ನಿಂತಾರ." ದೊಡ್ಡ ಮನುಷ್ಯರು ಗಿಡ ಕೈಬಿಟ್ಟು ಹೊರಟುಹೋದರು. ಮಹಿಳಾ ಸಂಘದವರು ನಕ್ಕು ನಕ್ಕು ಹಗ್ಗ ಕೈಬಿಟ್ಟರು, ಅರ್ಧ ರಾಶಿ ಮತ್ತೆ ನಡುನೀರಿಗೆ ಹೋಯಿತು.

ಆ ಬೇಸಿಗೆಯ ದುಡಿಮೆ ಪೂರ್ತಿ ಮಣ್ಣುಪಾಲಾಯಿತು. ಕಿತ್ತ ಗಿಡವನ್ನೆಲ್ಲ ನಾವು ಜಾಣರು ದಂಡೆಯ ಅಂಚಿನಲ್ಲೇ ಗೋಪುರದ ಹಾಗೆ ಪೇರಿಸಿದ್ದೆವು. ಅದು ಒಣಗಿತು ಎಂದುಕೊಂಡಿದ್ದೆವು, ಒಳಗೆ ಹಸಿಯಾಗಿಯೇ ಇತ್ತು. ಮಳೆಗಾಲದ ಮೊದಲ ದೊಡ್ಡ ಮಳೆಗೆ ಗೋಪುರ ಮೆಲ್ಲಗೆ ಜಾರಿ ಹೊಂಡಕ್ಕೆ ಹೋಗಿ ಕೂತಿತು. ದಸರೆಯ ಹೊತ್ತಿಗೆ ಮತ್ತೆ ಅದೇ ಹಸಿರು. ಬ್ಯಾಂಕಿನವರು ಬರುವುದು ಬಿಟ್ಟರು. ನಮ್ಮ ಕಂಡಕ್ಟರು ಹೊಸ ಕಾನೂನು ತಂದರು: ಇಳಿದವನು ಮತ್ತೆ ಹತ್ತಬಾರದು. ಅಂದರೆ ಕಿತ್ತದ್ದನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಆಚೆಯ ಬಂಡೆಗಲ್ಲಿನ ಮೇಲೆ ತೆಳ್ಳಗೆ ಹರಡಬೇಕು. ನಮ್ಮ ಕಡೆ ಬಿಸಿಲಿಗೆ ಬರವಿಲ್ಲ, ಸಂಜೆಯೊಳಗೆ ಹಪ್ಪಳ. ಆದರೆ ಹೊರುವ ಕೆಲಸ ಎರಡು ಪಟ್ಟಾಯಿತು, ಜನ ಅರ್ಧವಾದರು. ಸಂಕ್ರಾಂತಿ ಕಳೆದರೂ ಹೊಂಡದ ಒಂದು ಮೂಲೆಯಲ್ಲಿ ಮಾತ್ರ ನೀರು ಕಂಡಿತ್ತು. ಮಾಳಮ್ಮನ ಮೈದುನ ಆಗಲೇ ಸಂತೆಯ ದಲ್ಲಾಳಿಗಳ ಜೊತೆ ಮಾತಾಡತೊಡಗಿದ್ದ.

ಆ ದಿನಗಳಲ್ಲೇ ಒಂದು ಭಾನುವಾರ ಮಾಳಮ್ಮ ಬಡಿಗೆ ಊರಿಕೊಂಡು ದಂಡೆಗೆ ಬಂದಳು. ನಮ್ಮ ಸಣ್ಣ ಗುಂಪನ್ನು ನೋಡಿದಳು, ಉಳಿದ ಹಸಿರನ್ನು ನೋಡಿದಳು, ಕೂತು ಬೈಯಲು ಶುರು ಮಾಡಿದಳು. ನಮ್ಮನ್ನಲ್ಲ, ಇದನ್ನು ತಂದು ಹಾಕಿದವನನ್ನು. ಅವನ ಮನೆ ಹಾಳಾಗಲಿ, ಅವನ ಹೊಲಕ್ಕೆ ಮುಳ್ಳು ಬೆಳೆಯಲಿ, ತಂದ ಕೈ ಸೇದಿ ಹೋಗಲಿ. ಬೈಗುಳದಲ್ಲಿ ಆಕೆಯ ನಾಲಿಗೆ ಪಳಗಿತ್ತು, ನಾವು ಹಗ್ಗ ಎಳೆಯುತ್ತಲೇ ಕೇಳುತ್ತಿದ್ದೆವು. ಇದ್ದಕ್ಕಿದ್ದಂತೆ ಒಂದು ಸೀಟಿ ಕೇಳಿಸಿತು. ಹಗ್ಗ ನಿಂತಿತು. ಅವರು ಛತ್ರಿ ಮಡಿಸಿ ಮಾಳಮ್ಮನ ಮುಂದೆ ಹೋಗಿ ಬಲಗೈ ಚಾಚಿದರು.

"ಆ ಕೈ ಎಲ್ಲೂ ಹುಡುಕಬ್ಯಾಡವ್ವ, ಇಲ್ಲೇ ಅದ," ಎಂದರು. "ಹುಣಸಗಿ ಕಾಲುವಿಯಿಂದ ನಾನೇ ತಂದೀನಿ. ಇಡೀ ಸರ್ವಿಸ್‌ನ್ಯಾಗ ಟಿಕೆಟ್ ಇಲ್ದ ಒಂದಕ್ಕ ಸೀಟ್ ಕೊಟ್ಟೀನಿ ಅಂದ್ರ, ಇದಕ್ಕೊಂದಕ್ಕ."

ಆಮೇಲೆ ಅವರು ಹೇಳಿದ್ದನ್ನು ನಾನು ಕ್ರಮವಾಗಿ ಬರೆಯುತ್ತೇನೆ, ಅವರು ಕ್ರಮವಾಗಿ ಹೇಳಲಿಲ್ಲ. ಹೆಂಡತಿ ಏನು ಕೇಳಿದರೂ ತಂದುಕೊಡದ ಗಂಡ ಇವರು. ಸೀರೆ ಕೇಳಿದರೆ ಪುಕ್ಕಟೆ ಸಿಕ್ಕ ಕ್ಯಾಲೆಂಡರು ತರುವ ಆಸಾಮಿ. ಒಮ್ಮೆ ಆಕೆಯನ್ನು ತಮ್ಮ ಬಸ್ಸಿನಲ್ಲೇ ಹುಣಸಗಿಗೆ ಕರೆದು ಹೊರಟಿದ್ದರು, ಟಿಕೆಟ್ ಹರಿದೇ. ಕಿಟಕಿಯ ಪಕ್ಕ ಕೂತ ಆಕೆ ಕಾಲುವೆಯ ನಿಂತ ನೀರಿನಲ್ಲಿ ಈ ನೇರಳೆ ಹೂವು ನೋಡಿ ತಿರುತಿರುಗಿ ಹಿಂದಕ್ಕೆ ನೋಡಿದಳಂತೆ. ಇವರು ಒಂದು ಸೀಟಿ ಊದಿದರು. ಸ್ಟಾಪ್ ಇಲ್ಲದ ಕಡೆ ಅವರು ಬಸ್ ನಿಲ್ಲಿಸಿದ್ದು ಅದೊಂದೇ ಸಲ. ಇಳಿದು ಹೋಗಿ ಬೇರು ಸಮೇತ ಕಿತ್ತು ತಂದು ಆಕೆಯ ಮಡಿಲಲ್ಲಿ ಇಟ್ಟರು. ಪ್ರಯಾಣಿಕರೆಲ್ಲ ಸೀಟಿ ಹೊಡೆದರಂತೆ, ಬಾಯಿಂದ.

ಆಕೆ ಅದನ್ನು ಹಿತ್ತಲಿನ ಸಣ್ಣ ಸಿಮೆಂಟು ತೊಟ್ಟಿಯಲ್ಲಿ ಬೆಳೆಸಿದಳು. ಹೆಚ್ಚಾದ ಗಿಡವನ್ನು ಕಿತ್ತು ಬಿಸಿಲಿಗೆ ಒಣಗಿಸುತ್ತಿದ್ದಳು. ಹಾಗಾಗಿ ವರ್ಷಗಟ್ಟಲೆ ಅದು ತೊಟ್ಟಿ ದಾಟಲಿಲ್ಲ. ನಾನು ಈ ಓಣಿಗೆ ಬರುವ ಸ್ವಲ್ಪ ಮುಂಚೆ ಆಕೆ ತೀರಿಕೊಂಡಳಂತೆ. ಆ ದಿನ ಇವರು ಗಂಡಸರ ಜೊತೆ ಮಣ್ಣಿಗೆ ಹೋಗಿದ್ದರು. ಮನೆಯಲ್ಲಿ ನೆಂಟರ ಹೆಂಗಸರು ಪದ್ಧತಿಯಂತೆ ಮನೆ ತೊಳೆದು, ತುಂಬಿಟ್ಟ ನೀರನ್ನೆಲ್ಲ ಚೆಲ್ಲಿದರು. ಸಾವಾದ ಮನೆಯಲ್ಲಿ ಹಳೇ ನೀರು ಇಡಬಾರದು. ಕೊಡ, ಹಂಡೆ, ಡ್ರಮ್ಮು, ಜೊತೆಗೆ ಹಿತ್ತಲಿನ ತೊಟ್ಟಿಯೂ ಬೋರಲಾಯಿತು. ಹಿತ್ತಲಿನ ಚರಂಡಿ ಹೋಗುವುದು ಹೊಂಡಕ್ಕೇ.

"ದಂಡಿ ಮ್ಯಾಲ ಮೊದಲ್ನೇ ಹೂ ನೋಡ್ದಾಗ ಖುಷಿ ಆಯ್ತವ್ವ ನನಗ," ಎಂದರು ಮಾಳಮ್ಮನಿಗೆ. "ಆಕಿ ಹೂ ಉಳದದ ಅಂತ ದಿನಾ ಸಂಜಿಕ ಬಂದು ನೋಡ್ತಿದ್ದೆ. ನೋಡ್ಕೋತ ನಿಂತೆ. ಅದು ನಿನ್ನ ಕುರಿ ತಿಂತು."

ಮಾಳಮ್ಮ ಎದ್ದು ನಿಂತಳು. ಬಡಿಗೆ ಬೀಳುತ್ತದೆ ಎಂದೇ ನಾವೆಲ್ಲ ತಿಳಿದೆವು, ಮೌನೇಶ ಟ್ಯೂಬಿನ ಸಮೇತ ದಂಡೆ ಹತ್ತಿ ನಡುವೆ ಬಂದ. ಆಕೆ ಹೊಡೆಯಲಿಲ್ಲ. ಅಳುವ ಮರಿಗೆ ಟಿಕೆಟ್ ಹರಿದವನು ಇದಕ್ಕೇಕೆ ಹರಿಯಲಿಲ್ಲ ಎಂದು ಕೇಳಿದಳು. ಅವರು ಚಾಚಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ನಿಜ ಹೇಳುತ್ತೇನೆ, ಅಲ್ಲಿಯ ತನಕ ನನಗೆ ಈ ಮನುಷ್ಯನ ಮೇಲೆ ಇದ್ದದ್ದು ಬರೀ ಕಿರಿಕಿರಿ. ಅವತ್ತು ಅಯ್ಯೋ ಅನ್ನಿಸಿತು.

"ಇಳಿ ನೀರಿಗಿ," ಎಂದಳು ಮಾಳಮ್ಮ.

"ನನಗ ಈಜಾಕ ಬರಂಗಿಲ್ಲವ್ವ."

"ನನ್ನ ಕುರಿಗೂ ಬರಲಿಲ್ಲ."

ಅವರು ಇಳಿದರು. ಪ್ಯಾಂಟು, ಬೆಲ್ಟು, ಜೇಬಿನ ಪೆನ್ನು ಎಲ್ಲ ಸಮೇತ. ಮೌನೇಶ ತನ್ನ ಟ್ಯೂಬನ್ನು ಅವರ ತಲೆಯ ಮೇಲಿಂದ ಇಳಿಸಿದ, ಅದು ಹೊಟ್ಟೆಯ ಹತ್ತಿರ ಗಟ್ಟಿಯಾಗಿ ಸಿಕ್ಕಿಕೊಂಡಿತು. ಕೆಸರಿಗೆ ಕಾಲು ತಾಗಿದಾಗ ಅವರ ಬಾಯಿಂದ ಹೊರಟ ಸದ್ದಿಗೆ ಮಹಿಳಾ ಸಂಘದವರು ಸೆರಗು ಬಾಯಿಗೆ ಒತ್ತಿಕೊಂಡರು. ಹಲ್ಲು ಕಟಕಟ ಎನ್ನುತ್ತಿದ್ದರೂ ಸೀಟಿ ಊದಿದರು. ಎರಡು ಸಲ. ಮಧ್ಯಾಹ್ನದ ತನಕ ಮೇಲೆ ಬರಲಿಲ್ಲ.

ಮರುವಾರ ಜನ ಹೆಚ್ಚಾದರು. ಮುದುಕ ಟ್ಯೂಬಿನಲ್ಲಿ ತೇಲುವುದನ್ನು ನೋಡಲೆಂದೇ ಅರ್ಧ ಊರು ಬಂತು; ಬಂದವರ ಕೈಗೆ ಹಗ್ಗದ ತುದಿ ಸಿಕ್ಕಿತು. ಬ್ಯಾಂಕಿನವರು ಮತ್ತೆ ಹೊಟ್ಟೆಯ ಸಮೇತ ಹಾಜರಾದರು. ನಮ್ಮ ಕಂಡಕ್ಟರಿಗೆ ನೀರಿನ ಭಯ ಕೊನೆಗೂ ಹೋಗಲಿಲ್ಲ. ಪ್ರತಿ ಭಾನುವಾರ ದಂಡೆಯಲ್ಲಿ ನಿಂತು ಕಣ್ಣು ಮುಚ್ಚಿ, ಬಾಯಲ್ಲಿ ಏನೋ ಗೊಣಗಿ, ಆಮೇಲೆ ಇಳಿಯುತ್ತಿದ್ದರು. ದೇವರ ನಾಮವಿರಬೇಕು ಎಂದುಕೊಂಡು ಹತ್ತಿರ ಹೋಗಿ ಕೇಳಿದೆ. ಯಾದಗಿರಿಯಿಂದ ಹುಣಸಗಿಯ ತನಕದ ಸ್ಟಾಪುಗಳ ಹೆಸರು. ಬುದ್ಧ ಪೂರ್ಣಿಮೆಯ ದಿನ ನಮ್ಮ ಮನೆಯ ಪಾಯಸವನ್ನು ಡಬ್ಬಿಯಲ್ಲಿ ತಂದು ದಂಡೆಯ ಮೇಲೆ ಎಲ್ಲರಿಗೂ ಹಂಚಿದೆ. ಅವರು ನೀರಿನೊಳಗಿಂದಲೇ ಲೋಟ ಚಾಚಿದರು, ಸಕ್ಕರೆ ಕಡಿಮೆ ಎಂದು ಕೊಂಕೂ ತೆಗೆದರು.

ಮಳೆಗೆ ಮುಂಚೆ ಹೊಂಡ ತೆರೆಯಿತು. ಅಷ್ಟು ನೀರನ್ನು ಒಟ್ಟಿಗೆ ನೋಡಿ ನನಗೆ ನಂಬಿಕೆಯೇ ಬರಲಿಲ್ಲ. ಉಳಿದಿದ್ದ ಕೊನೆಯ ಗಿಡವನ್ನು ಮೌನೇಶ ಎತ್ತಿ ಹಿಡಿದಾಗ ಅವರು ಕೈ ಚಾಚಿದರು. ತಂದವನು ನಾನು, ಕೊನೆಯದನ್ನು ಮನೆಗೊಯ್ದು ನನ್ನ ಕೈಯಾರೆ ಸುಡುತ್ತೇನೆ ಎಂದರು. ಎಲ್ಲರೂ ಚಪ್ಪಾಳೆ ಹೊಡೆದೆವು. ಅವರು ಅದನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಹೋದರು.

ಮರುದಿನವೇ ಮಾಳಮ್ಮನ ಹಿಂಡು ನೀರಿಗಿಳಿಯಿತು. ಮೈದುನ ಒಂದೊಂದೇ ಕುರಿಯನ್ನು ತಳ್ಳುತ್ತಿದ್ದ. ಇವರು ಟ್ಯೂಬಿನಲ್ಲಿ ಸಿಕ್ಕಿಕೊಂಡು ನಿಂತು ಅವುಗಳ ಮೈ ತಿಕ್ಕುತ್ತಿದ್ದರು. ಸೀಟಿಗೆ ನಾಯಿ ಹೆದರುತ್ತಿತ್ತು, ಮನುಷ್ಯರು ಹೆದರುತ್ತಿದ್ದರು, ಕುರಿ ಮಾತ್ರ ಕ್ಯಾರೇ ಅನ್ನಲಿಲ್ಲ. ಒಂದು ಟಗರು ಇವರ ಹೆಗಲ ಮೇಲೆಯೇ ಕಾಲಿಟ್ಟು ದಂಡೆ ಹತ್ತಿತು. ಮರಿಗಳು ಬಂದಾಗ "ಇವಕ್ಕ ಟಿಕೆಟ್ ಇಲ್ಲ, ಹೋಗ್ಲಿ ಬಿಡ್ರಿ" ಎಂದರು. ಮಾಳಮ್ಮ ನಗಲಿಲ್ಲ. ಮಾಫಿ ಮಾಡಿದೆ ಎಂದೂ ಅನ್ನಲಿಲ್ಲ. ಆ ವರ್ಷದ ಉಣ್ಣೆಯಲ್ಲಿ ಒಂದು ಕಂಬಳಿ ನೇಯಿಸಿ ಅವರ ಮನೆಗೆ ಕಳಿಸಿದಳು. ಚುಚ್ಚುತ್ತದೆ, ಚುಚ್ಚುತ್ತದೆ ಎಂದು ಗೋಡೆಯಾಚೆಯಿಂದ ದೂರುತ್ತಲೇ ಅವರು ಅದನ್ನು ಹೊದ್ದುಕೊಂಡರು.

ಹೊಂಡದ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಕೆಸರಿನಲ್ಲಿ ಉಳಿದ ಬೀಜದಿಂದ ಪುಟ್ಟ ಸಸಿಗಳು ಏಳುತ್ತಲೇ ಇರುತ್ತವೆ. ಪ್ರತಿ ಭಾನುವಾರ ಅವನ್ನು ಕೀಳಬೇಕು, ಸೀಟಿ ಊದಲೇಬೇಕು, ನನ್ನ ನಿದ್ದೆ ಹಾಳಾಗಲೇಬೇಕು. ಇನ್ನೊಂದು ಹೊಸ ಸದ್ದೂ ಶುರುವಾಗಿತ್ತು. ರಜೆಯ ದಿನ ಮಧ್ಯಾಹ್ನ ಅವರ ಹಿತ್ತಲಿನಲ್ಲಿ ತಗಡು ಎಳೆದ ಸದ್ದು; ಸಂಜೆ ಮತ್ತೆ ಎಳೆದ ಸದ್ದು. ಕೇಳಿದರೆ, ತೊಟ್ಟಿಯಲ್ಲಿ ನೀರು ತುಂಬಿಟ್ಟಿದ್ದೇನೆ, ಬೆಕ್ಕು ಬಾಯಿ ಹಾಕುತ್ತದೆ, ತಗಡು ಮುಚ್ಚುತ್ತೇನೆ ಎಂದರು. ನಲ್ಲಿ ನೀರು ಯಾವಾಗ ಬರುತ್ತದೋ ಗೊತ್ತಿಲ್ಲದ ಊರಿನಲ್ಲಿ ಅದು ಸರಿಯಾದ ಮಾತೇ ಆಗಿತ್ತು.

ಅವರು ಸತ್ತದ್ದು ಬಸ್ ಸ್ಟ್ಯಾಂಡಿನಲ್ಲಿ. ಈಗಿನ ಕಂಡಕ್ಟರುಗಳ ಹುಳುಕು ತೆಗೆಯಲು ದಿನವೂ ಅಲ್ಲಿ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರು. ಅವತ್ತು ಹುಣಸಗಿ ಬಸ್ಸು ಬಂದಾಗ ಏನೂ ಬೈಯಲಿಲ್ಲ ಎಂದು ಅನುಮಾನ ಬಂದು ನೋಡಿದರೆ ಕೂತಲ್ಲೇ ಹೋಗಿಬಿಟ್ಟಿದ್ದರು. ಸುರಪುರಕ್ಕೆ ಕೊಟ್ಟ ಮಗಳು ಬಂದಳು. ಅವರಿಗೆ ಆ ಚುಚ್ಚುವ ಕಂಬಳಿಯನ್ನೇ ಹೊದಿಸಿದ್ದರು. ಕೊರಳಿನ ಸೀಟಿಯನ್ನು ಬಿಚ್ಚಿ ಮೊಳೆಗೆ ಹಾಕಿದ್ದರು. ಹೆಣ ಎತ್ತುವಾಗ ಓಣಿಯ ತಿರುವಿನಲ್ಲಿ ಜನ ಸಿಕ್ಕಿಹಾಕಿಕೊಂಡರು, ಮುಂದೆ ಸರಿಯಿರಿ ಎನ್ನುವವರು ಯಾರೂ ಇರಲಿಲ್ಲ. ನನಗೆ ಆಗ ಅಳು ಬಂತು.

ಗಂಡಸರು ಹೋದ ಮೇಲೆ ಮನೆಯಲ್ಲಿ ಹೆಂಗಸರು ಸೀರೆ ಎತ್ತಿ ಕಟ್ಟಿ ಮನೆ ತೊಳೆಯಲು ನಿಂತರು. ಕೊಡದ ನೀರು ಹೋಯಿತು, ಹಂಡೆ, ಡ್ರಮ್ಮು ಖಾಲಿಯಾದವು. ನಮ್ಮ ಮನೆಯಲ್ಲಿ ಈ ಪದ್ಧತಿ ಇಲ್ಲ. ನಾನು ಕಸಬರಿಗೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಮಗಳು, ಅವಳ ನಾದಿನಿ ಹಿತ್ತಲಿಗೆ ಬಂದು ತೊಟ್ಟಿಯ ಮೇಲಿನ ತಗಡು ಎಳೆದರು. ಆ ಸದ್ದು ನನಗೆ ಚೆನ್ನಾಗಿ ಗೊತ್ತಿದ್ದ ಸದ್ದು.

ತೊಟ್ಟಿಯ ತುಂಬ ಹಸಿರು ಎಲೆ. ನಡುವೆ ಆ ದಿನವೇ ಅರಳಿದ ನೇರಳೆ ಹೂವಿನ ಗೊಂಚಲು.

ಕಳ್ಳ ಮುದುಕ. ಎರಡು ಬೇಸಿಗೆ ನಮ್ಮ ಬೆನ್ನು ಮುರಿಸಿ, ಚಪ್ಪಾಳೆ ಹೊಡೆಸಿಕೊಂಡು, ಒಂದನ್ನು ಮನೆಯಲ್ಲಿ ಸಾಕಿಕೊಂಡಿದ್ದ. ಸಿಟ್ಟಿನಲ್ಲಿ ಕೈಯ ಕಸಬರಿಗೆಯನ್ನು ನೆಲಕ್ಕೆ ಎಸೆದೆ. ಅಷ್ಟರಲ್ಲಿ ಮಗಳು ಒಂದು ಅಂಚು, ನಾದಿನಿ ಒಂದು ಅಂಚು ಹಿಡಿದು ತೊಟ್ಟಿಯನ್ನು ಚರಂಡಿಯ ಕಡೆಗೆ ವಾಲಿಸಿದರು. ನೀರು ಅಂಚಿಗೆ ಬಂತು. ಒಂದು ಎಲೆ ಹೊರಗೆ ಬಾಗಿತು.

ನನ್ನ ಹಿಂದಿನಿಂದ ಸೀಟಿ ಕೇಳಿಸಿತು. ಒಂದೇ ಸಲ, ಉದ್ದವಾಗಿ.

ಇಡೀ ಹಿತ್ತಲು ನಿಂತುಬಿಟ್ಟಿತು. ಮಗಳ ಕೈ ಅಲ್ಲೇ ಉಳಿಯಿತು. ತಿರುಗಿ ನೋಡಿದರೆ ಮಾಳಮ್ಮ, ಮೊಳೆಯ ಮೇಲಿನ ಸೀಟಿ ಬಾಯಲ್ಲಿಟ್ಟುಕೊಂಡು. ಆಕೆ ಬಂದು ತೊಟ್ಟಿಯನ್ನು ನೆಟ್ಟಗೆ ಮಾಡಿಸಿ, ಬಗ್ಗಿ ನೋಡಿದಳು. ಈ ಸಲ ಬೈಗುಳ ತಪ್ಪುವುದಿಲ್ಲ ಎಂದುಕೊಂಡೆ.

"ಸುಡ್ತೀನಿ ಅಂದಿದ್ದ," ಎಂದಳು.

ಆಗಷ್ಟೇ ತೊಟ್ಟಿಯೊಳಗೆ ಸರಿಯಾಗಿ ನೋಡಿದ ಮಗಳು, ಇದು ನಮ್ಮವ್ವನ ಹೂವು ಎಂದು ಅಳುತ್ತ ಹೇಳಿದಳು. ಮಾಳಮ್ಮ ಸೀಟಿಯ ದಾರವನ್ನು ಕೊರಳಿಗೆ ಹಾಕಿಕೊಂಡಳು.

"ಹೂ ಬಾಡೋತನಕ ಇರ್ಲಿ. ಯಾರೂ ಮುಟ್ಟಬ್ಯಾಡ್ರಿ, ನಾ ಇಲ್ಲೇ ಕುಂದರ್ತೀನಿ."

ಕುಳಿತಳು. ನೆಂಟರು ಬಂದು ನೋಡಿ ಹೋದರು, ಸಾವಿನ ಮನೆಯಲ್ಲಿ ಹಳೇ ನೀರು ಯಾಕೆ ಎಂದು ಒಬ್ಬರು ಗೊಣಗಿದರು. ಆಕೆ ಬಡಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು, ಗೊಣಗಾಟ ನಿಂತಿತು. ನಾನು ಚಹಾ ಮಾಡಿ ತಂದುಕೊಟ್ಟು ಪಕ್ಕದಲ್ಲಿ ಕೂತೆ. ತನ್ನ ಕುರಿಗಳನ್ನು ನುಂಗಿದ ಗಿಡಕ್ಕೆ ಆಕೆ ಕಾವಲು ಕೂತಿದ್ದಳು. ಈ ಹೂವಿಗೆ ಆಯಸ್ಸು ಕಡಿಮೆ. ಬಿಸಿಲು ಇಳಿಯುವ ಹೊತ್ತಿಗೆ ದಳಗಳು ಮುದುಡಿ, ಗೊಂಚಲು ತಲೆ ಬಾಗಿಸಿತು.

ಆಗ ಎದ್ದಳು. ಗಿಡಗಳನ್ನು ಒಂದೂ ಬಿಡದೆ ಬೇರು ಸಮೇತ ಎತ್ತಿ ಬುಟ್ಟಿಗೆ ಹಾಕಿದಳು. ತೊಟ್ಟಿಯ ನೀರನ್ನು ಸೆರಗಿನಲ್ಲಿ ಸೋಸಿ ಬೇವಿನ ಬುಡಕ್ಕೆ ಹಾಕಿಸಿದಳು, ಚರಂಡಿಗೆ ಒಂದು ಹನಿ ಬಿಡಲಿಲ್ಲ. ಬುಟ್ಟಿ ಹೊತ್ತು ಮಾಳಿಗೆ ಹತ್ತಿದಳು, ನಾನೂ ಹಿಂದೆ ಹತ್ತಿದೆ. ದಿನವಿಡೀ ಕಾದ ಹಾಸುಗಲ್ಲು ಇನ್ನೂ ಕಾಲು ಸುಡುತ್ತಿತ್ತು. ಅದರ ಮೇಲೆ ಗಿಡಗಳನ್ನು ತೆಳ್ಳಗೆ ಹರಡಿದಳು, ಅವರು ನಮಗೆಲ್ಲ ಕಲಿಸಿದ ಹಾಗೆ.

ಮಾಳಿಗೆಯಿಂದ ಹೊಂಡ ಕಾಣುತ್ತದೆ. ನೀರು ಬಯಲಾಗಿ ಬಿದ್ದಿತ್ತು, ದಂಡೆಯಲ್ಲಿ ಆಕೆಯ ಕುರಿಗಳು ಬಾಯಿ ಹಾಕಿ ಕುಡಿಯುತ್ತಿದ್ದವು. ಮಾಳಮ್ಮ ಸೀಟಿ ಬಾಯಿಗಿಟ್ಟುಕೊಂಡು ಊದಿದಳು. ಎರಡು ಸಲ.